ಮೊಣಕಾಲಿನ ರಜ್ಜುಭಂಗ: ಅಂಕಣಕ್ಕೆ ಮರಳುವ ಮುನ್ನ

2022ರ ಡಿಸೆಂಬರ್ 30ರ ಬೆಳಗಿನ ಜಾವ ಕ್ರಿಕೆಟ್ ಆಟಗಾರ ರಿಷಭ್ ಪಂತ್ ಅವರ ಕಾರು ರೂರ್ಕಿಯ ಸಮೀಪ ಅಪಘಾತಕ್ಕೀಡಾಗಿ, ಅವರ ಬಲಮೊಣಕಾಲಿನ ರಜ್ಜುಗಳು ಹರಿದವು. ಜನವರಿಯಲ್ಲಿ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅನಂತರದ ದೀರ್ಘ ಸಾಧನೆ ನಡೆದುದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. ಅವರು ಮತ್ತೆ ಪಂದ್ಯವಾಡಿದ್ದು 2024ರ ಮಾರ್ಚ್ 23ರಂದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚೆನ್ನೈ ಟೆಸ್ಟಿನಲ್ಲಿ ಅವರು ಹೊಡೆದ ಶತಕವನ್ನು ಎಲ್ಲರೂ ನೆನೆಯುತ್ತಾರೆ; ನಡುವೆ ಕಳೆದ ಸುಮಾರು 15 ತಿಂಗಳನ್ನು ನೆನೆಯುವವರು ವಿರಳ. ಊರಿನ ಕಬಡ್ಡಿ ತಂಡದ ಹುಡುಗನೂ ಅವನ ತಂದೆಯೂ ನಮ್ಮ ಮುಂದೆ ಕುಳಿತು, “ಡಾಕ್ಟರೇ, ಬರುವ ಜಾತ್ರೆಯ ಪಂದ್ಯಕ್ಕೆ ಇಳಿಯಬಹುದೇ?” ಎಂದು ಕೇಳುವಾಗ ನಾವು ಮೊದಲು ಹೇಳುವುದು ಆ ತಿಂಗಳುಗಳ ಲೆಕ್ಕವನ್ನೇ.

ಇಲ್ಲಿ ಒಂದು ಪದದ ಗೊಂದಲವನ್ನು ಬಿಡಿಸಬೇಕು. ಇಂದಿನ ಕನ್ನಡದಲ್ಲಿ ‘ಸ್ನಾಯು’ ಎಂದರೆ ಮಾಂಸಖಂಡ. ಸುಶ್ರುತನ ಶಾಸ್ತ್ರದಲ್ಲಿ ಮಾಂಸಖಂಡಕ್ಕೆ ‘ಪೇಶಿ’ ಎಂಬ ಹೆಸರಿದ್ದು, ‘ಸ್ನಾಯು’ ಎಂಬುದು ಸಂಧಿಗಳನ್ನು ಬಿಗಿಯುವ ಕಟ್ಟು. ಹಲಗೆಗಳನ್ನು ಬಿಗಿಯಾಗಿ ಕಟ್ಟಿದ ದೋಣಿ ಹೇಗೆ ಭಾರ ಹೊರುವುದೋ ಹಾಗೆಯೇ ಈ ಕಟ್ಟುಗಳಿಂದ ದೇಹ ಭಾರ ಹೊರುತ್ತದೆಂದು ಆತನು ವಿವರಿಸಿದ್ದಾನೆ. ಜಾನುವನ್ನು ವೈಕಲ್ಯಕರ ಮರ್ಮಗಳಲ್ಲಿ ಎಣಿಸಿ, ಅದಕ್ಕೆ ಪೆಟ್ಟಾದರೆ ಕುಂಟು ಉಳಿಯುವುದೆಂದೂ ಎಚ್ಚರಿಸಿದ್ದಾನೆ. ಆಧುನಿಕರು ಎ.ಸಿ.ಎಲ್. ಎನ್ನುವ ರಜ್ಜು ಅಂಥದೊಂದು ಕಟ್ಟು. ತೊಡೆಯ ಮೂಳೆಯ ಕೆಳಗೆ ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆಯೂ ಅತಿಯಾಗಿ ತಿರುಚದಂತೆಯೂ ಅದು ತಡೆಯುತ್ತದೆ.

ಇದು ಹರಿಯಲು ಎದುರಾಳಿಯ ಏಟೇ ಬೇಕೆಂದಿಲ್ಲ. ಓಡುತ್ತಿರುವಾಗ ಥಟ್ಟನೆ ನಿಂತು ತಿರುಗಿದಾಗ, ಎಗರಿ ಒಂಟಿಗಾಲ ಮೇಲೆ ಇಳಿದಾಗ, ‘ಟಪ್’ ಎಂದ ಅನುಭವವಾಗುತ್ತದೆ. ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿಕೊಳ್ಳುತ್ತದೆ. ಮೋಸವಿರುವುದು ಅದರ ಮುಂದಿನ ಹಂತದಲ್ಲಿ. ಮೂರು ನಾಲ್ಕು ವಾರಗಳಲ್ಲಿ ಊತ ಇಳಿದು, ನೋವು ಕಡಿಮೆಯಾಗಿ, ಹುಡುಗನು ನೇರ ದಾರಿಯಲ್ಲಿ ಸರಾಗವಾಗಿ ನಡೆಯುತ್ತಾನೆ. ಎಣ್ಣೆ ತಿಕ್ಕಿದ್ದರಿಂದಲೋ ನಾಟಿ ಕಟ್ಟು ಹಾಕಿಸಿದ್ದರಿಂದಲೋ ಗುಣವಾಯಿತೆಂದು ಮನೆಯವರು ನಂಬುತ್ತಾರೆ. ಮತ್ತೆ ಅಂಕಣಕ್ಕಿಳಿದು ಒಮ್ಮೆ ತಿರುಗುತ್ತಲೇ ಕಾಲು ಕೈಕೊಡುತ್ತದೆ. ಆಗ ಮೂಳೆಗಳ ನಡುವಿನ ಮೆತ್ತೆಯಂತಹ ಮೆನಿಸ್ಕಸ್ ಕೂಡ ಹರಿಯಬಹುದು. ಮೊದಲಿದ್ದ ಒಂದು ಗಾಯ ಎರಡಾಗುತ್ತದೆ.

ಆಯುರ್ವೇದ ವೈದ್ಯರಾಗಿಯೇ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಸಂಧಿಯ ದ್ರವದ ನಡುವೆ, ಅಲ್ಪ ರಕ್ತಸಂಚಾರದಲ್ಲಿ ಇರುವ ಈ ರಜ್ಜು ಪೂರ್ಣವಾಗಿ ಹರಿದರೆ, ಜಾನುಬಸ್ತಿಯಿಂದಾಗಲಿ ಲೇಪದಿಂದಾಗಲಿ ಅದನ್ನು ಕೂಡಿಸಿದೆವೆಂದು ಹೇಳಿಕೊಳ್ಳಲು ಆಧಾರವಿಲ್ಲ. ಮಂಗರವಳ್ಳಿಯನ್ನು ಶಾಸ್ತ್ರ ಹೊಗಳುವುದು ಮೂಳೆ ಮುರಿದಾಗಿನ ಉಪಯೋಗಕ್ಕೆ. ಊದಿದ ಹೊಸ ಗಾಯವನ್ನು ತಿಕ್ಕುವುದಂತೂ ಸಲ್ಲದು. ಮೂಳೆತಜ್ಞರಲ್ಲಿ ಹೋಗಿ, ಅಗತ್ಯವಿದ್ದರೆ ಎಂ.ಆರ್.ಐ. ಮಾಡಿಸಬೇಕು. ಹೊಲಮನೆಯ ಕೆಲಸಕ್ಕೆ ಮರಳುವವರಲ್ಲಿ ಅನೇಕರು ವ್ಯಾಯಾಮದಿಂದಲೇ ನಿಭಾಯಿಸಬಲ್ಲರು. ತಿರುಗುವ, ಎಗರುವ ಆಟವನ್ನೇ ಜೀವನೋಪಾಯ ಮಾಡಿಕೊಳ್ಳುವವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ.

ಶಸ್ತ್ರಚಿಕಿತ್ಸೆಯಲ್ಲಿ ರೋಗಿಯದೇ ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಕಂಡರದ ಒಂದು ತುಂಡನ್ನು ತೆಗೆದು ರಜ್ಜುವಿನ ಜಾಗದಲ್ಲಿ ಕೂಡಿಸುತ್ತಾರೆ. ಈ ನಾಟಿ ಮೊದಲ ಕೆಲವು ತಿಂಗಳುಗಳಲ್ಲಿ ಬಲಗೊಳ್ಳುವ ಬದಲು ದುರ್ಬಲವಾಗುತ್ತದೆ. ಹೊಸ ರಕ್ತನಾಳಗಳು ಒಳಹೊಕ್ಕು, ನಾರುಗಳು ಮರುಜೋಡಣೆಯಾಗಿ ಪಕ್ವವಾಗಲು ವರ್ಷವೂ ಹಿಡಿಯಬಹುದು. ಹುಡುಗನಿಗೆ ಕಾಲು ಹಗುರವೆನಿಸುವ ಹೊತ್ತೂ ನಾಟಿ ಎಳೆಯದಾಗಿರುವ ಹೊತ್ತೂ ಒಂದೇ. 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, 9 ತಿಂಗಳವರೆಗೆ ಮರಳುವಿಕೆಯನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. 9 ತಿಂಗಳಿಗೆ ಮುನ್ನ ಬೇಡವೆಂದು ನಾವು ಹಟ ಹಿಡಿಯುವುದು ಇದಕ್ಕಾಗಿ.

ತಿಂಗಳು ಎಣಿಸಿದರಷ್ಟೇ ಸಾಲದು. ಮೊದಲು ಮೊಣಕಾಲು ಪೂರ್ತಿ ನೇರವಾಗಬೇಕು, ಊತ ಇಳಿಯಬೇಕು, ಕರಗಿದ ತೊಡೆಯ ಪೇಶಿಗಳು ಮರಳಿ ತುಂಬಬೇಕು. ಗಾಯಗೊಂಡ ಕಾಲಿನ ಬಲವೂ ಒಂಟಿಗಾಲ ನೆಗೆತದ ದೂರವೂ ಇನ್ನೊಂದು ಕಾಲಿನ 90 ಪ್ರತಿಶತಕ್ಕೆ ಬಂದಿವೆಯೇ ಎಂಬುದನ್ನು ಫಿಸಿಯೋಥೆರಪಿ ತಜ್ಞರಿಂದ ಅಳೆಯಿಸಬೇಕು. ಶಾಕಾಹಾರಿ ಮನೆಗಳಲ್ಲಿ ರೊಟ್ಟಿ-ಅನ್ನ ಹೆಚ್ಚಾಗಿ ಬೇಳೆಕಾಳು ಕಡಿಮೆಯಾಗುವುದುಂಟು. ಪೇಶಿ ಬೆಳೆಯಬೇಕಾದರೆ ಮೊಳಕೆ ಹೆಸರು, ಕಡಲೆ, ಹುರುಳಿ, ಶೇಂಗಾ, ಹಾಲು-ಮೊಸರು ಪ್ರತಿ ಊಟದಲ್ಲಿಯೂ ಇರಲಿ. ಗಾಯ ಪೂರ್ತಿ ಒಣಗಿ, ಶಸ್ತ್ರವೈದ್ಯರು ಒಪ್ಪಿದ ಮೇಲೆ, ವ್ಯಾಯಾಮದಿಂದ ದಣಿದ ತೊಡೆಗೆ ಹಗುರವಾದ ಅಭ್ಯಂಗ ಹಿತಕರ. ಆದರೆ ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಮುಟ್ಟಿಸದೆ ಕೂಡಲೇ ಆಸ್ಪತ್ರೆಗೆ ಹೋಗಿರಿ, ರಕ್ತ ಹೆಪ್ಪುಗಟ್ಟಿರಬಹುದು. ಸ್ಪರ್ಧೆಗಳಲ್ಲಿ ಉದ್ದೀಪನ ಪರೀಕ್ಷೆಗೆ ಒಳಗಾಗುವ ಆಟಗಾರರು ಲೇಬಲ್ ಇಲ್ಲದ ಯಾವ ಚೂರ್ಣವನ್ನೂ ಸೇವಿಸಬಾರದು.

ಎಲ್ಲರೂ ಮರಳುವರೆಂದು ಭರವಸೆ ಕೊಡುವುದು ನಮಗೆ ಒಪ್ಪಿಗೆಯಿಲ್ಲ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯಾದ 100 ಮಂದಿಯಲ್ಲಿ ಸುಮಾರು 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದ್ದರು. ಸ್ಪರ್ಧಾತ್ಮಕ ಆಟಕ್ಕೆ ಮರಳಿದವರು 55 ಮಾತ್ರ. ಹಿಂದುಳಿಯಲು ಭಯವೂ ಒಂದು ಕಾರಣ. ಅದನ್ನು ಹೇಡಿತನವೆಂದು ಜರೆಯಬಾರದು, ಕೇಳಿಸಿಕೊಳ್ಳಬೇಕು. ಕುಸ್ತಿಪಟು ವಿನೇಶ್ ಫೋಗಟ್ ಅವರು 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮೊಣಕಾಲು ಮುರಿದಂತಾಗಿ ಸ್ಟ್ರೆಚರಿನ ಮೇಲೆ ಹೊರಬಂದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಅಂಥವರಿಗೆ ತರಬೇತುದಾರರಿದ್ದರು, ಫಿಸಿಯೋ ಇದ್ದರು. ನಮ್ಮ ಊರಿನ ಹುಡುಗನಿಗೆ ಅವಸರಪಡಿಸುವ ತಂಡದ ಯಜಮಾನನಿರುತ್ತಾನೆ, ಕ್ರೀಡಾ ಕೋಟಾದ ನೌಕರಿಯ ಆಸೆಯಿರುತ್ತದೆ. ಆದುದರಿಂದ ಈ ಹೊತ್ತಿನಲ್ಲಿ ‘ಇನ್ನೂ ಬೇಡ’ ಎನ್ನುವ ಹೊಣೆ ತಂದೆತಾಯಿಗಳ ಮೇಲೆ ಬೀಳುತ್ತದೆ.

ಎಲ್ಲ ಪರೀಕ್ಷೆಗಳೂ ಮುಗಿದು ಒಪ್ಪಿಗೆ ದೊರೆತ ಮೇಲೆ ಸಹ, ಮೊದಲ ಪಂದ್ಯದಲ್ಲೇ ಕಬಡ್ಡಿಯ ಪೂರ್ತಿ 40 ನಿಮಿಷ ಆಡಿಸಬೇಡಿರಿ. ಕೆಲವು ವಾರ ತಂಡದೊಡನೆ ಅಭ್ಯಾಸ, ಆಮೇಲೆ ಕೆಲವೇ ನಿಮಿಷಗಳ ಆಟ. ಮರುದಿನ ಬೆಳಿಗ್ಗೆ ಮೊಣಕಾಲು ಊದಿದೆಯೇ ಎಂದು ನೋಡಿ, ಊದಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ.