ಕೂಗಿ ಕರೆಯುವ ಅಕ್ಷರಗಳು

ಪುಸ್ತಕದ ಅಕ್ಷರವನ್ನು ನಾವು ಕೈಯಲ್ಲಿ ಹಿಡಿದು ಓದುತ್ತೇವೆ. ಗೋಡೆಗೆ ಅಂಟಿಸಿದ ಭಿತ್ತಿಪತ್ರದ ಅಕ್ಷರವಾದರೋ ಬೀದಿಯಲ್ಲಿ ಹೋಗುವವರನ್ನು ದೂರದಿಂದಲೇ ಕರೆದು ನಿಲ್ಲಿಸಬೇಕು. ಎರಡು ಕೆಲಸಕ್ಕೂ ಒಂದೇ ಆಕಾರ ಸಾಲದು. ಈ ಅಗತ್ಯದಿಂದ ಹುಟ್ಟಿದ ಒಂದು ಅಕ್ಷರಜಾತಿಯ ಪರಿಚಯವನ್ನು ಇಲ್ಲಿ ಮಾಡಿಕೊಳ್ಳೋಣ.

ಇಂಗ್ಲಿಷ್ ಪುಸ್ತಕವೊಂದರಲ್ಲಿ 'ಐ' ಎಂಬ ದೊಡ್ಡಕ್ಷರವನ್ನು ನೋಡಿರಿ. ಕಂಬದಂತಹ ಗೆರೆಯ ಮೇಲೂ ಕೆಳಗೂ ಚಿಕ್ಕ ಅಡ್ಡಗೆರೆಗಳಿರುತ್ತವೆ. ಇವಕ್ಕೆ 'ಸೆರಿಫ್' ಎಂದು ಹೆಸರು. ಪುಸ್ತಕದ ಅಕ್ಷರಗಳಲ್ಲಿ ಇವು ಬಹಳ ತೆಳು, ದೂರಕ್ಕೆ ಕಾಣವು. ಇವನ್ನೇ ಕಲ್ಲುಚಪ್ಪಡಿಯಂತೆ ದಪ್ಪ ಮಾಡಿದರೆ ಅದು 'ಸ್ಲ್ಯಾಬ್ ಸೆರಿಫ್'.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಕೈಗಾರಿಕೆ, ವ್ಯಾಪಾರಗಳೊಡನೆ ಜಾಹೀರಾತುಗಳೂ ಬೆಳೆದವು. 1817ರ ಹೊತ್ತಿಗೆ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಎಂಬಾತನ ಮಾದರಿ ಪುಸ್ತಕದಲ್ಲಿ ಇಂತಹ ಅಚ್ಚುಮೊಳೆಗಳು 'ಆಂಟಿಕ್' ಎಂಬ ಹೆಸರಿನಿಂದ ಕಾಣಿಸಿಕೊಂಡವು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದ ಮೇಲೆ ಯುರೋಪಿನಲ್ಲೆಲ್ಲಾ ಆ ದೇಶದ ವಸ್ತುಗಳ ಹುಚ್ಚು ಹಬ್ಬಿತ್ತು. ಆದುದರಿಂದ ಈ ಅಕ್ಷರಗಳಿಗೆ 'ಈಜಿಪ್ಶಿಯನ್' ಎಂಬ ಹೆಸರೂ ಬಂದಿತು. ಈಜಿಪ್ಟಿನ ಚಿತ್ರಲಿಪಿಗೂ ಇವಕ್ಕೂ ಯಾವ ಸಂಬಂಧವೂ ಇಲ್ಲ!

ಅಕ್ಷರ ದೊಡ್ಡದಾದಂತೆ ಸೀಸದ ಮೊಳೆ ಬಲು ಭಾರವಾಗುತ್ತದೆ. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದಲ್ಲಿ ಅಕ್ಷರ ಕೊರೆಯುವ ಯಂತ್ರವನ್ನು ಬಳಕೆಗೆ ತಂದನು. ಆ ಮೇಲೆ ಭಿತ್ತಿಪತ್ರಗಳ ಅಕ್ಷರಗಳು ಹಗುರವೂ ಆದವು, ದೊಡ್ಡವೂ ಆದವು.

1845ರಲ್ಲಿ ಲಂಡನ್ನಿನ ರಾಬರ್ಟ್ ಬೆಸ್ಲಿ 'ಕ್ಲಾರೆಂಡನ್' ಎಂಬ ಅಕ್ಷರವನ್ನು ಹೊರತಂದನು. ಇದರ ಉಕ್ಕಿನ ಅಚ್ಚುಗಳನ್ನು ಕೊರೆದವನು ಬೆಂಜಮಿನ್ ಫಾಕ್ಸ್. ಅದರ ಅಡ್ಡಗೆರೆಗಳು ಕಂಬದೊಡನೆ ಬಾಗಿ ಕೂಡುತ್ತವೆ. ನಿಘಂಟುಗಳಲ್ಲಿ ಅರ್ಥದ ಸಾಲುಗಳಿಂದ ಮುಖ್ಯ ಪದವನ್ನು ಎತ್ತಿ ತೋರಿಸಲು ಅದು ಬಹಳ ಅನುಕೂಲವಾಯಿತು. ಬೆಸ್ಲಿ ಅದನ್ನು ಕಾನೂನಿನಂತೆ ನೋಂದಾಯಿಸಿದ್ದನು. ಆದರೆ ರಕ್ಷಣೆ ದೊರೆತದ್ದು ಮೂರೇ ವರ್ಷ. ಅವಧಿ ಮುಗಿದೊಡನೆ ಇತರರು ಅದನ್ನು ಧಾರಾಳವಾಗಿ ಅನುಕರಿಸಿದರು.

ಇದರಿಂದ ನಮಗೇನು ಪಾಠ? ಕನ್ನಡದ ತಲೆಕಟ್ಟು ಸೆರಿಫ್ ಅಲ್ಲ. ಸೆರಿಫ್ ತೆಗೆದರೂ 'ಐ' ಹಾಗೆಯೇ ಉಳಿಯುತ್ತದೆ. ತಲೆಕಟ್ಟು ಅಳಿದರೆ ನಮ್ಮ ಅಕ್ಷರವೇ ಕೆಡುತ್ತದೆ. ಆದರೆ ದಪ್ಪ ಅಕ್ಷರದ ನಿಯಮ ಎರಡಕ್ಕೂ ಒಂದೇ: ಗೆರೆ ದಪ್ಪವಾದಷ್ಟೂ ಒಳಗಿನ ಬಿಳಿಯ ಜಾಗವನ್ನು ಕಾಪಾಡಬೇಕು. ಶಾಲೆಯ ಫಲಕದಲ್ಲಿ 'ಧ'ಕಾರದ ಹೊಟ್ಟೆಯ ಸೀಳು ಬಣ್ಣದಲ್ಲಿ ಮುಚ್ಚಿಹೋದರೆ 'ಧನಸಹಾಯ'ವು 'ದನಸಹಾಯ'ವಾದೀತು!

ಇನ್ನೊಂದು ಮಾತು. ಎಲ್ಲರೂ ಕೂಗಿದರೆ ಯಾರ ಮಾತೂ ಕೇಳಿಸದು. ಫಲಕದ ಎಲ್ಲ ಸಾಲುಗಳೂ ದಪ್ಪವಾದರೆ ಯಾವುದೂ ಎದ್ದು ಕಾಣದು. ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಫಲಕ ಬರೆಯುವಾಗ ಮುಖ್ಯವಾದ ಒಂದು ಸಾಲನ್ನು ಮಾತ್ರ ದಪ್ಪಗೆ ಬರೆಯಿರಿ. ಹತ್ತು ಹೆಜ್ಜೆ ಹಿಂದೆ ನಿಂತು ಓದಿ ನೋಡಿರಿ. ಪಾಲಕರೂ ಅಂಗಡಿ ಬೀದಿಗಳ ಫಲಕಗಳನ್ನು ಮಕ್ಕಳಿಗೆ ತೋರಿಸಿ, ಯಾವುದು ಚೆನ್ನಾಗಿ ಓದಿಸಿಕೊಳ್ಳುತ್ತದೆ, ಏಕೆ ಎಂದು ಕೇಳಬಹುದು.