ದನಿಯ ದಾರಿ

ಬಯಲಿನಲ್ಲಿ ನಿಂತು ಗಟ್ಟಿಯಾಗಿ ಕೂಗಿದರೆ ಮನುಷ್ಯನ ದನಿ ಎಷ್ಟು ದೂರ ಹೋದೀತು? ಗಾಳಿ ಅನುಕೂಲವಾಗಿದ್ದರೆ ನಾಲ್ಕಾರು ಹೊಲಗಳಾಚೆ ಇರುವವನಿಗೆ ಕೇಳಿಸಬಹುದು. ಇಂದಾದರೋ ಬೀದರಿನಲ್ಲಿ ಮೆಲ್ಲಗೆ ಆಡಿದ ಮಾತು ಅದೇ ಕ್ಷಣದಲ್ಲಿ ಮಡಿಕೇರಿಯಲ್ಲಿ ಕೇಳಿಸುತ್ತದೆ. ಇದನ್ನು ನೆನೆದಾಗ, ದನಿಯನ್ನು ದೂರಕ್ಕೆ ಒಯ್ದುದೇ ದೂರವಾಣಿಯ ದೊಡ್ಡ ಸಾಧನೆಯೆಂದು ತೋರುವುದು ಸಹಜ. ಆದರೆ ದೂರವಾಣಿಯ ಚರಿತ್ರೆಯನ್ನು ಓದಿದವರಿಗೆ ಬೇರೊಂದು ಸಂಗತಿ ಕಾಣುತ್ತದೆ. ದನಿಯನ್ನು ತಂತಿಯಲ್ಲಿ ಹರಿಯಿಸುವ ಉಪಾಯ ಬೇಗನೆ ಕೈಗೂಡಿತು; ಆ ದನಿ ಯಾರಿಗೆ ಸೇರಬೇಕೋ ಅವರನ್ನು ಹುಡುಕಿ ಕೂಡಿಸುವ ಕೆಲಸವೇ ನೂರು ವರ್ಷಕ್ಕೂ ಮಿಕ್ಕಿ ಮನುಷ್ಯನ ಬುದ್ಧಿಯನ್ನು ದುಡಿಸಿಕೊಂಡಿತು.

ಅಲೆಗ್ಸಾಂಡರ್ ಗ್ರಹಾಂ ಬೆಲ್ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1847ರಲ್ಲಿ ಹುಟ್ಟಿದವನು. ಆತನ ತಾಯಿಗೆ ಕಿವಿ ಮಂದವಾಗಿತ್ತು. ಮುಂದೆ ಆತನ ಕೈಹಿಡಿದ ಮೇಬಲ್ ಬಾಲ್ಯದಲ್ಲಿಯೇ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದವಳು. ಅಮೆರಿಕದ ಬಾಸ್ಟನ್ನಿನಲ್ಲಿ ಕಿವುಡರಿಗೆ ಮಾತು ಕಲಿಸುವುದು ಬೆಲ್ಲನ ವೃತ್ತಿ. ದನಿ ಎಂದರೆ ಗಾಳಿಯ ಕಂಪನ. ಆ ಕಂಪನಕ್ಕೆ ತಕ್ಕಂತೆ ವಿದ್ಯುತ್ಪ್ರವಾಹವನ್ನು ಏರಿಳಿಸಬಹುದಾದರೆ ತಂತಿಯೇ ಮಾತನಾಡೀತು ಎಂದು ಆತನು ಯೋಚಿಸಿದನು. 1876ರ ಮಾರ್ಚ್ 10ರಂದು ತನ್ನ ಸಹಾಯಕನಾದ ಥಾಮಸ್ ವಾಟ್ಸನ್ನನನ್ನು ಆತನು ಯಂತ್ರದ ಮೂಲಕ ಕರೆದಾಗ, ಬೇರೊಂದು ಕೋಣೆಯಲ್ಲಿದ್ದ ವಾಟ್ಸನ್ ಆ ಮಾತನ್ನು ಕೇಳಿ ಎದ್ದು ಬಂದನು. ಎಲಿಷಾ ಗ್ರೇ ಎಂಬ ಇನ್ನೊಬ್ಬ ಸಂಶೋಧಕನೂ ಇಂತಹುದೇ ಉಪಾಯವನ್ನು ಬೆಲ್ಲನ ಅರ್ಜಿ ಸಲ್ಲಿಕೆಯಾದ ದಿನವೇ ಅಮೆರಿಕದ ಪೇಟೆಂಟ್ ಕಚೇರಿಗೆ ಸಲ್ಲಿಸಿದ್ದನು. ಇಬ್ಬರ ನಡುವಣ ವಿವಾದ ಬಹುಕಾಲ ನಡೆಯಿತು. ಅನಂತರ ಎಡಿಸನ್ ಇಂಗಾಲವನ್ನು ಬಳಸಿ ಇನ್ನೂ ಉತ್ತಮವಾದ ಪ್ರೇಷಕವನ್ನು ರೂಪಿಸಿದನು. ಮಾತಿನ ಒತ್ತಡದಿಂದ ತೆಳುವಾದ ಪಟಲವು ಕಂಪಿಸಿ ಇಂಗಾಲವನ್ನು ಅದುಮುತ್ತದೆ. ಅದುಮಿದಷ್ಟೂ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಆಚೆಯ ತುದಿಯಲ್ಲಿ ಆ ಪ್ರವಾಹವು ವಿದ್ಯುದಯಸ್ಕಾಂತದ ಮೂಲಕ ಮತ್ತೊಂದು ಪಟಲವನ್ನು ಅಲುಗಿಸುತ್ತದೆ. ಅಲ್ಲಿ ಮತ್ತೆ ಮಾತು ಹುಟ್ಟುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿದೇ ಇತ್ತು. ಎರಡು ಮನೆಗಳ ನಡುವೆ ಒಂದು ತಂತಿ ಸಾಕು. ಒಂದು ಊರಿನಲ್ಲಿ ನೂರು ಮನೆಗಳಿದ್ದು, ಪ್ರತಿಯೊಂದು ಮನೆಯೂ ಉಳಿದೆಲ್ಲ ಮನೆಗಳೊಡನೆ ನೇರವಾಗಿ ಮಾತನಾಡಬೇಕಾದರೆ ಎಷ್ಟು ತಂತಿಗಳು ಬೇಕು? ಲೆಕ್ಕ ಹಾಕಿ ನೋಡಿರಿ: 4,950. ಊರಿನ ಆಕಾಶವೇ ಕಾಣದಂತಾದೀತು! ಎಲ್ಲ ತಂತಿಗಳನ್ನೂ ಒಂದೇ ಕಟ್ಟಡಕ್ಕೆ ತಂದು, ಬೇಕಾದ ಎರಡನ್ನು ಅಲ್ಲಿಯೇ ಕೂಡಿಸಿದರೆ ನೂರು ತಂತಿಗಳೇ ಸಾಕು. ಇದೇ ವಿನಿಮಯ ಕೇಂದ್ರದ ಮರ್ಮ. 1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಇಂತಹ ಕೇಂದ್ರವೊಂದು ಕೇವಲ 21 ಚಂದಾದಾರರೊಡನೆ ಕೆಲಸಕ್ಕೆ ತೊಡಗಿತು. ನಮ್ಮ ದೇಶದಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ 1882ರಲ್ಲಿಯೇ ವಿನಿಮಯ ಕೇಂದ್ರಗಳು ತೆರೆದವು.

ಕೇಂದ್ರದಲ್ಲಿ ತಂತಿಗಳನ್ನು ಕೂಡಿಸುತ್ತಿದ್ದವರು ಮನುಷ್ಯರು. ಯಾರಿಗೆ ಯಾರೊಡನೆ ಮಾತು ಬೇಕು ಎಂಬುದು ಅವರಿಗೆ ತಿಳಿದೇ ಇರುತ್ತಿತ್ತು. ಮನಸ್ಸು ಮಾಡಿದರೆ ಮಾತನ್ನೂ ಕೇಳಬಹುದಾಗಿತ್ತು. ಅಮೆರಿಕದ ಕ್ಯಾನ್ಸಸ್ ನಗರದಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತನು ಶವಸಂಸ್ಕಾರದ ಏರ್ಪಾಟು ಮಾಡುವ ವೃತ್ತಿಯಲ್ಲಿದ್ದನು. ತನಗೆ ಬರಬೇಕಾದ ಕರೆಗಳನ್ನು ಕೇಂದ್ರದವರು ತನ್ನ ಪ್ರತಿಸ್ಪರ್ಧಿಗೆ ಕೂಡಿಸುತ್ತಿದ್ದಾರೆಂದು ಆತನಿಗೆ ಗುಮಾನಿಯಾಯಿತಂತೆ. ಸಿಟ್ಟಿಗೆದ್ದ ಆತನು ನಡುವೆ ಮನುಷ್ಯರೇ ಇಲ್ಲದ ಕೇಂದ್ರವನ್ನು ರೂಪಿಸಲು ಹೊರಟನು! ಚಂದಾದಾರನು ಕಳುಹಿಸಿದ ವಿದ್ಯುತ್ ಮಿಡಿತಗಳಿಗೆ ತಕ್ಕಂತೆ ಲೋಹದ ತೋಳೊಂದು ಮೊದಲು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ಬಳಿಕ ಅಡ್ಡಲಾಗಿ ತಿರುಗಿ, ಬೇಕಾದ ತಂತಿಯನ್ನು ಮುಟ್ಟುವ ಯಂತ್ರಕ್ಕೆ 1891ರಲ್ಲಿ ಆತನಿಗೆ ಪೇಟೆಂಟ್ ದೊರೆಯಿತು. ದ್ವೇಷದಿಂದಲೂ ಕೆಲವೊಮ್ಮೆ ಲೋಕೋಪಕಾರ ಆಗುವುದುಂಟು.

ಭಾರತದಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಮಾತನಾಡುವುದು ಬಹುಕಾಲದವರೆಗೆ ಸುಲಭವಾಗಿರಲಿಲ್ಲ. ಅಂಚೆ ಕಚೇರಿಗೆ ಹೋಗಿ ‘ಟ್ರಂಕ್ ಕಾಲ್’ ಕಾದಿರಿಸಿ, ಕರೆ ಕೂಡುವವರೆಗೆ ಬೆಂಚಿನ ಮೇಲೆ ಕುಳಿತಿರಬೇಕಾಗಿತ್ತು. ಚಂದಾದಾರನೇ ನೇರವಾಗಿ ಪರಸ್ಥಳದ ಸಂಖ್ಯೆಯನ್ನು ತಿರುಗಿಸುವ ಸೌಲಭ್ಯ 1960ರಲ್ಲಿ ಕಾನ್ಪುರ, ಲಖನೌಗಳ ನಡುವೆ ಮೊದಲಾಯಿತು. ದೂರವಾಣಿ ಉಪಕರಣಗಳನ್ನು ನಾವೇ ತಯಾರಿಸಿಕೊಳ್ಳಲೆಂದು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಐ.ಟಿ.ಐ. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಇಂದಿಗೂ ದೂರವಾಣಿನಗರವೆಂದೇ ಹೆಸರು. ಹಳ್ಳಿಗಳ ಪಾಡು ಮಾತ್ರ ಬೇರೆಯಾಗಿತ್ತು. ಹೊರದೇಶಗಳ ವಿದ್ಯುನ್ಮಾನ ಕೇಂದ್ರಗಳು ಹವಾನಿಯಂತ್ರಿತ ಕೋಣೆಗಳನ್ನು ಬೇಡುತ್ತಿದ್ದವು. ನಮ್ಮ ಹಳ್ಳಿಗಳ ಧೂಳು, ಸೆಕೆ, ಆಗಾಗ ಕೈಕೊಡುವ ವಿದ್ಯುತ್ತು ಅವುಗಳಿಗೆ ಒಗ್ಗುತ್ತಿರಲಿಲ್ಲ. 1984ರಲ್ಲಿ ಸರ್ಕಾರ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯ ತರುಣ ತಂತ್ರಜ್ಞರು, ಹವಾನಿಯಂತ್ರಣವಿಲ್ಲದೆ ನಡೆಯುವ ಪುಟ್ಟ ವಿನಿಮಯ ಕೇಂದ್ರವೊಂದನ್ನು ರೂಪಿಸಿದರು. ಅಂತಹ ಮೊದಲ ಗ್ರಾಮೀಣ ಕೇಂದ್ರ ಕೆಲಸಕ್ಕೆ ತೊಡಗಿದುದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಅಂದಿನ ಪೇಟೆ ಪೇಟೆಗಳಲ್ಲಿ ಕಾಣಿಸಿಕೊಂಡ ಎಸ್.ಟಿ.ಡಿ. ಅಂಗಡಿಗಳನ್ನು ನಿಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ.

ಇಲ್ಲಿಯವರೆಗೆ ತಂತಿಯ ಮಾತಾಯಿತು. ತಂತಿ ಒಂದು ಮನೆಗೆ, ಒಂದು ಮೇಜಿಗೆ ಬಂದು ನಿಲ್ಲುತ್ತದೆ. ಕರೆಯಬೇಕಾದ ಮನುಷ್ಯನಾದರೋ ನಡೆದಾಡುವವನು. ರೇಡಿಯೋ ತರಂಗಗಳನ್ನು ಬಳಸಿ 1946ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕಾರುಗಳಿಗೆ ದೂರವಾಣಿಯನ್ನು ಅಳವಡಿಸಿದರು. ಆದರೆ ರೇಡಿಯೋ ತರಂಗಗಳು ಸಂಖ್ಯೆಯಲ್ಲಿ ಅಳವಲ್ಲ. ಒಂದು ಸೆಕೆಂಡಿನಲ್ಲಿ ತರಂಗವು ಎಷ್ಟು ಬಾರಿ ಕಂಪಿಸುತ್ತದೆಯೋ ಅದೇ ಅದರ ಆವೃತ್ತಿ. ಒಂದೇ ಆವೃತ್ತಿಯಲ್ಲಿ ಒಂದೇ ಸ್ಥಳದಲ್ಲಿ ಇಬ್ಬರು ಮಾತನಾಡಿದರೆ ಎರಡೂ ಕಲಸಿಹೋಗುತ್ತವೆ. ಎತ್ತರದ ಕಟ್ಟಡದ ಮೇಲಿನ ಒಂದೇ ಪ್ರಬಲ ಪ್ರೇಷಕವು ಇಡೀ ನಗರವನ್ನು ಆವರಿಸುತ್ತಿದ್ದುದರಿಂದ, ಬಳಕೆಗೆ ಸಿಕ್ಕ ಆವೃತ್ತಿಗಳು ಎಷ್ಟೋ ಅಷ್ಟೇ ಮಂದಿ ಏಕಕಾಲದಲ್ಲಿ ಮಾತನಾಡಬಹುದಾಗಿತ್ತು. 1976ರಲ್ಲಿಯೂ ನ್ಯೂಯಾರ್ಕಿನಂತಹ ಮಹಾನಗರದಲ್ಲಿ ಈ ಬಗೆಯ ಸೇವೆ ದೊರೆತವರು 545 ಮಂದಿ ಮಾತ್ರ. ಸಾವಿರಾರು ಮಂದಿ ಸರದಿಯಲ್ಲಿ ಕಾಯುತ್ತಿದ್ದರು.

ಪರಿಹಾರವು 1947ರಲ್ಲಿಯೇ ಬೆಲ್ ಪ್ರಯೋಗಾಲಯದ ಡಗ್ಲಾಸ್ ರಿಂಗ್ ಮತ್ತು ರೇ ಯಂಗ್ ಎಂಬುವರಿಗೆ ಹೊಳೆದಿತ್ತು. ಅದು ಕೇಳಲು ವಿಚಿತ್ರವಾಗಿದೆ: ಪ್ರೇಷಕವನ್ನು ಇನ್ನೂ ಪ್ರಬಲಗೊಳಿಸುವ ಬದಲು ದುರ್ಬಲಗೊಳಿಸಬೇಕು! ಜಾತ್ರೆಯ ಬಯಲನ್ನು ನೆನೆದುಕೊಳ್ಳಿರಿ. ಅಲ್ಲಿ ಒಬ್ಬನು ಧ್ವನಿವರ್ಧಕದಲ್ಲಿ ಅರಚುತ್ತಿದ್ದರೆ ಬೇರೆ ಯಾರೂ ಮಾತನಾಡಲಾರರು. ಎಲ್ಲರೂ ತಗ್ಗಿದ ದನಿಯಲ್ಲಿ ಮಾತನಾಡಿದರೆ, ಅದೇ ಬಯಲಿನಲ್ಲಿ ನೂರು ಜೋಡಿಗಳು ಒಬ್ಬರಿಗೊಬ್ಬರು ಅಡ್ಡಿಯಾಗದೆ ಸಂಭಾಷಿಸಬಹುದು. ಹಾಗೆಯೇ ನಾಡನ್ನು ಜೇನುಗೂಡಿನ ಕೋಣೆಗಳಂತೆ ಚಿಕ್ಕಚಿಕ್ಕ ಕೋಶಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಕಡಿಮೆ ಶಕ್ತಿಯ ಗೋಪುರವನ್ನು ನಿಲ್ಲಿಸುತ್ತಾರೆ. ನೆರೆಯ ಕೋಶಗಳಿಗೆ ಬೇರೆಬೇರೆ ಆವೃತ್ತಿಗಳನ್ನು ಕೊಟ್ಟು, ಕೆಲವು ಕೋಶಗಳಾಚೆ ಮೊದಲಿನ ಆವೃತ್ತಿಗಳನ್ನೇ ಮತ್ತೆ ಬಳಸುತ್ತಾರೆ. ಜನ ಹೆಚ್ಚಿದಂತೆ ಕೋಶಗಳನ್ನು ಇನ್ನಷ್ಟು ಕಿರಿದುಗೊಳಿಸಿದರಾಯಿತು. ಹಲವು ವ್ಯವಸ್ಥೆಗಳಲ್ಲಿ ಮಾತನ್ನು ಅಂಕಿಗಳನ್ನಾಗಿ ಮಾರ್ಪಡಿಸಿ, ಒಂದೇ ಆವೃತ್ತಿಯ ಕಾಲವನ್ನು ಕಿರುತುಣುಕುಗಳಾಗಿ ಹಂಚುವುದೂ ಉಂಟು. 1991ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾದ ಜಿ.ಎಸ್.ಎಂ. ಪದ್ಧತಿಯಲ್ಲಿ ಒಂದು ಆವೃತ್ತಿಯನ್ನು ಎಂಟು ಮಂದಿ ಹೀಗೆ ಹಂಚಿಕೊಂಡರು.

ಕಲ್ಪನೆ ಹೊಳೆದ ಎಷ್ಟೋ ವರ್ಷಗಳ ಮೇಲೆ, 1973ರ ಏಪ್ರಿಲ್ 3ರಂದು ಮಾರ್ಟಿನ್ ಕೂಪರ್ ಎಂಬ ತಂತ್ರಜ್ಞನು ಒಂದು ಕಿಲೋಗ್ರಾಮಿಗೂ ಮಿಕ್ಕಿ ತೂಗುವ ಕೈದೂರವಾಣಿಯನ್ನು ಹಿಡಿದು ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕರೆ ಮಾಡಿದನು. ಆತನು ಕರೆದುದು ಯಾರನ್ನು? ಪ್ರತಿಸ್ಪರ್ಧಿ ಸಂಸ್ಥೆಯಾದ ಬೆಲ್ ಪ್ರಯೋಗಾಲಯದ ಜೋಯೆಲ್ ಎಂಗೆಲ್‌ನನ್ನು! ಜಪಾನಿನ ಟೋಕಿಯೋದಲ್ಲಿ 1979ರಲ್ಲಿ ಕೋಶ ಪದ್ಧತಿಯ ಸೇವೆ ಸಾರ್ವಜನಿಕರಿಗೆ ದೊರೆಯಿತು. ಭಾರತದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಂ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಕರೆ ಮಾಡಿದವರು ಮಾತ್ರವಲ್ಲ, ಸ್ವೀಕರಿಸಿದವರೂ ಹಣ ತೆರಬೇಕಾಗಿತ್ತು. 2003ರಲ್ಲಿ ಆ ಪದ್ಧತಿ ತಪ್ಪಿದ ಮೇಲೆ ಮೊಬೈಲು ಬಡವರ ಕೈಗೂ ಎಟುಕತೊಡಗಿತು.

ಈಗ ಹಳೆಯ ಪ್ರಶ್ನೆಗೆ ಬರೋಣ. ನಿಮ್ಮ ಅಣ್ಣ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಾನೆ. ನೀವು ಮನೆಯಿಂದ ಕರೆದರೆ, ಆತನು ಯಾವ ಗೋಪುರದ ಬಳಿ ಇದ್ದಾನೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಜೇಬಿನಲ್ಲಿ ಸುಮ್ಮನಿರುವಂತೆ ತೋರುವ ಮೊಬೈಲು ಸುಮ್ಮನಿರುವುದಿಲ್ಲ. ಸುತ್ತಲಿನ ಗೋಪುರಗಳ ಸಂಕೇತಗಳನ್ನು ಅದು ಆಲಿಸುತ್ತ, ಹಲವು ಕೋಶಗಳು ಸೇರಿದ ಒಂದು ವಲಯದಿಂದ ಇನ್ನೊಂದಕ್ಕೆ ದಾಟಿದೊಡನೆ ‘ನಾನು ಇಲ್ಲಿಗೆ ಬಂದಿದ್ದೇನೆ’ ಎಂದು ವರದಿ ಒಪ್ಪಿಸುತ್ತದೆ. ಆ ವರದಿ ಕೇಂದ್ರದ ದಾಖಲೆಯಲ್ಲಿ ಬರೆಯಲ್ಪಡುತ್ತದೆ. ನಿಮ್ಮ ಕರೆ ಬಂದಾಗ ಕೇಂದ್ರವು ಆ ದಾಖಲೆಯನ್ನು ನೋಡಿ, ಆ ವಲಯದ ಗೋಪುರಗಳಿಂದ ಏಕಕಾಲದಲ್ಲಿ ಡಂಗುರ ಸಾರಿಸುತ್ತದೆ. ಅಣ್ಣನ ಮೊಬೈಲು ಓಗೊಡುತ್ತದೆ. ಮಾತು ನಡೆಯುತ್ತಿರುವಂತೆಯೇ ಬಸ್ಸು ಮುಂದಕ್ಕೆ ಸಾಗಿ ಒಂದು ಗೋಪುರದ ಸಂಕೇತ ಕ್ಷೀಣಿಸಿದರೆ, ಮುಂದಿನ ಗೋಪುರ ಕರೆಯನ್ನು ವಹಿಸಿಕೊಳ್ಳುತ್ತದೆ. ಮಾತನಾಡುವವರಿಗೆ ಇದರ ಅರಿವೇ ಆಗದು. ರೇಡಿಯೋ ತರಂಗದ ದಾರಿಯಾದರೂ ಸಾಮಾನ್ಯವಾಗಿ ಮೊಬೈಲಿನಿಂದ ಗೋಪುರದವರೆಗೆ ಮಾತ್ರ. ಅಲ್ಲಿಂದಾಚೆಗೆ ದನಿಯು ಬಹುತೇಕ ನೆಲದಡಿಯ ಗಾಜಿನ ಎಳೆಗಳಲ್ಲಿ ಬೆಳಕಾಗಿ ಹರಿಯುತ್ತದೆ.

ಈ ಸೌಕರ್ಯಕ್ಕೆ ನಾವು ತೆರುವ ಬೆಲೆಯೊಂದಿದೆ. ನಮ್ಮನ್ನು ಎಲ್ಲಿದ್ದರೂ ಕರೆಯಬಹುದಾಗಬೇಕಾದರೆ, ನಾವು ಎಲ್ಲಿದ್ದೇವೆಂಬುದು ಯಂತ್ರಕ್ಕೆ ಸದಾ ಗೊತ್ತಿರಬೇಕು. ಸ್ಟ್ರೌಜರನು ಕೂಡಿಸುವವರ ಕಣ್ಣು ತಪ್ಪಿಸಲು ಯಂತ್ರವನ್ನು ಕಟ್ಟಿದನು. ಇಂದಿನ ಯಂತ್ರದಷ್ಟು ನಮ್ಮ ಜಾಡನ್ನು ಅರಿತವರು ಅಂದಿನ ಕೇಂದ್ರದಲ್ಲಿ ಒಬ್ಬರೂ ಇರಲಿಲ್ಲ. ಈ ದಾಖಲೆಗಳು ಅಪರಾಧಿಗಳ ಪತ್ತೆಗೂ ನೆರವಾಗುತ್ತವೆ, ನಿರಪರಾಧಿಗಳ ಮೇಲೆ ಕಣ್ಣಿಡುವುದಕ್ಕೂ ಒದಗಬಲ್ಲವು. ಆದುದರಿಂದ ಅವನ್ನು ಯಾರು, ಯಾವಾಗ ನೋಡಬಹುದೆಂಬುದು ಕಾನೂನಿನ ವಿಷಯವಾಗಿದೆ.

ಕೋಶಗಳ ಬಲೆ ನಾಡಿನ ಎಲ್ಲೆಡೆ ಒಂದೇ ಸಮನಾಗಿ ಹರಡಿಲ್ಲ. ಬಯಲುಸೀಮೆಯಲ್ಲಿ ಒಂದು ಗೋಪುರಕ್ಕೆ ಹಲವು ಹಳ್ಳಿಗಳು ಕಾಣುತ್ತವೆ. ಮಲೆನಾಡಿನಲ್ಲಿ ಬೆಟ್ಟವೊಂದು ಅಡ್ಡ ಬಂದರೆ ಅದರ ಹಿಂದಣ ಕಣಿವೆಯೆಲ್ಲ ತರಂಗಗಳ ನೆರಳಿನಲ್ಲಿ ಉಳಿಯುತ್ತದೆ. ನಾಲ್ಕಾರು ಮನೆಗಳಿಗಾಗಿ ಗೋಪುರ ನಿಲ್ಲಿಸಲು, ಅದಕ್ಕೆ ವಿದ್ಯುತ್ತು ಒದಗಿಸಲು, ತಗಲುವ ಖರ್ಚು ಆ ಮನೆಗಳಿಂದ ಹುಟ್ಟುವುದಿಲ್ಲವಾದ್ದರಿಂದ ಸಂಸ್ಥೆಗಳು ಹಿಂದೆಗೆಯುತ್ತವೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿನಲ್ಲಿ ನಡೆದಾಗ, ಪಶ್ಚಿಮಘಟ್ಟದ ಎಷ್ಟೋ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದರು. ಅಪರಾತ್ರಿಯಲ್ಲಿ ಹಾವು ಕಚ್ಚಿದವನ ಮನೆಯವರು 108ಕ್ಕೆ ಕರೆ ಮಾಡಬೇಕಾದರೂ ಅದೇ ಗುಡ್ಡವನ್ನೇ ಹತ್ತಬೇಕು. ಅಂತಹ ಕಣಿವೆಗಳಲ್ಲಿ ಮೊಬೈಲಿನ ವಿದ್ಯುತ್ಕೋಶ ಬೇಗ ಬರಿದಾಗುವುದನ್ನು ಅಲ್ಲಿಯವರು ಬಲ್ಲರು. ಸಂಕೇತ ಸಿಕ್ಕದ ಯಂತ್ರವು ಜೇಬಿನಲ್ಲಿದ್ದುಕೊಂಡೇ ಗೋಪುರಕ್ಕಾಗಿ ಮತ್ತೆ ಮತ್ತೆ ತಡಕಾಡುತ್ತಿರುತ್ತದೆ.