ದನದ ಉಣ್ಣೆ: ಜಾತಿ ಗುರುತಿಸುವ ಬಗೆ

ದನದ ಮೈಮೇಲೆ ಮೊದಲು ಕಣ್ಣಿಗೆ ಬೀಳುವುದು ರಕ್ತ ಹೀರಿ ಹರಳು ಬೀಜದಂತೆ ಊದಿದ ಹೆಣ್ಣು ಉಣ್ಣೆ. ಜಾತಿ ಗುರುತಿಸಲು ಇದು ಅಷ್ಟಾಗಿ ನೆರವಾಗದು. ಹೊಟ್ಟೆ ತುಂಬಿದ ಮೇಲೆ ಬೇರೆ ಬೇರೆ ಜಾತಿಯ ಹೆಣ್ಣುಗಳು ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಗುರುತು ಸಿಗುವುದು ಆಸುಪಾಸಿನಲ್ಲಿ ಚರ್ಮಕ್ಕಂಟಿದ ಚಪ್ಪಟೆ ಗಂಡುಗಳಲ್ಲಿ ಮತ್ತು ಇನ್ನೂ ರಕ್ತ ಹೀರದ ಹೆಣ್ಣುಗಳಲ್ಲಿ. ಬೆನ್ನ ಮೇಲಿನ ಗಟ್ಟಿ ಫಲಕ ಗಂಡಿನಲ್ಲಿ ಇಡೀ ಬೆನ್ನನ್ನು ಮುಚ್ಚಿರುತ್ತದೆ, ಹೆಣ್ಣಿನಲ್ಲಿ ತಲೆಯ ಹಿಂದಿನ ಭಾಗವನ್ನಷ್ಟೇ. ಆರೇ ಕಾಲಿದ್ದರೆ ಅದು ಮರಿ. ಬೆಳೆದ ಉಣ್ಣೆಗೆ ಎಂಟು ಕಾಲು.

ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಮೊದಲು ನೋಡಬೇಕಾದದ್ದು ಮೂತಿ, ಆಮೇಲೆ ಕಾಲು.

ಮೂತಿ ತೀರಾ ಗಿಡ್ಡ, ಅದರ ಬುಡ ಆರು ಮೂಲೆಯದು, ಕಾಲುಗಳು ತೆಳ್ಳಗೆ ಮಾಸಲು ಕೆನೆ ಬಣ್ಣದವು ಎಂದಾದರೆ ಅದು ಬಹುತೇಕ ರೈಪಿಸೆಫಾಲಸ್ ಮೈಕ್ರೋಪ್ಲಸ್. ಬೂಫಿಲಸ್ ಎಂಬ ಹಳೆಯ ಹೆಸರೇ ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಗಂಡು ಬಲು ಸಣ್ಣದು. ಹಿಂತುದಿಯಲ್ಲಿ ಪುಟ್ಟ ಬಾಲದಂಥ ಚಾಚು ಇರುತ್ತದೆ. ಬೇರೆ ಹಲವು ಉಣ್ಣೆಗಳ ಹಿಂಬದಿಯ ಅಂಚಿನಲ್ಲಿ ಕಾಣುವ ಕಚ್ಚುಗಳು ಇದಕ್ಕಿಲ್ಲ.

ಹಯಾಲೊಮ್ಮ ಗುರುತಿಸುವುದು ಎಲ್ಲಕ್ಕಿಂತ ಸುಲಭ. ಮೂತಿ ಉದ್ದ, ಮೈ ಕಂದು, ಕಾಲಿನ ಗಿಣ್ಣುಗಳಲ್ಲಿ ತಿಳಿ ಬಣ್ಣದ ಪಟ್ಟೆ, ಫಲಕದ ಎರಡೂ ಅಂಚಿನಲ್ಲಿ ಉಬ್ಬಿದ ಕಣ್ಣು. ಕೆಚ್ಚಲು ಮತ್ತು ಬಾಲದ ಬುಡ ಇದಕ್ಕೆ ಇಷ್ಟದ ಜಾಗ.

ಹೀಮಾಫೈಸಾಲಿಸ್ ಚಿಕ್ಕದು, ಇದಕ್ಕೆ ಕಣ್ಣೇ ಇಲ್ಲ. ಗಿಡ್ಡ ಮೂತಿಯ ಎರಡೂ ಪಕ್ಕದ ಸ್ಪರ್ಶಾಂಗಗಳು ಹೊರಕ್ಕೆ ಚೂಪಾಗಿ ಚಾಚಿರುತ್ತವೆ. ಮಂಗನ ಕಾಯಿಲೆ ಹರಡುವ ಹೀಮಾಫೈಸಾಲಿಸ್ ಸ್ಪಿನಿಜೆರಾ ಇದೇ ಗುಂಪಿನದು. ಆ ರೋಗ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ. ಬೆಳೆದ ಉಣ್ಣೆ ಕಾಡಿಗೆ ಮೇಯಲು ಹೋಗುವ ದನಗಳ ರಕ್ತ ಹೀರುತ್ತದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಬೇಸಿಗೆಯತ್ತ ಕಾಡಿನಲ್ಲಿ ತುಂಬಿಕೊಳ್ಳುವ ಎಳೆಯ ಹಂತದವು. ಒಳಜಾತಿಗಳನ್ನು ಬೇರ್ಪಡಿಸಲು ಮಾತ್ರ ಸೂಕ್ಷ್ಮದರ್ಶಕವೇ ಬೇಕು.

ಕೋಳಿ ಗೂಡಿನ ಬಿರುಕುಗಳಲ್ಲಿ ಹಗಲು ಅಡಗಿ ರಾತ್ರಿ ರಕ್ತ ಹೀರುವ ಆರ್ಗಸ್ ಬೇರೆಯೇ ಕುಟುಂಬದ್ದು. ಮೈ ತೊಗಲಿನಂತೆ ಸುಕ್ಕು, ಫಲಕವಿಲ್ಲ, ಮೇಲಿನಿಂದ ನೋಡಿದರೆ ಮೂತಿ ಕಾಣದು.

ಇಷ್ಟೆಲ್ಲ ನೋಡುವ ಅಗತ್ಯ ಏಕೆಂದರೆ ಹತೋಟಿಯ ದಾರಿ ಜಾತಿಯ ಮೇಲೆ ನಿಂತಿದೆ. ಬೂಫಿಲಸ್ ಮರಿಯಾಗಿ ಹತ್ತಿದ ದನದ ಮೇಲೆಯೇ ಸುಮಾರು ಮೂರು ವಾರ ಕಳೆದು, ಮೊಟ್ಟೆಯಿಡಲು ಮಾತ್ರ ಕೆಳಗೆ ಬೀಳುತ್ತದೆ. ಆದ್ದರಿಂದ ಮೈಗೆ ಸಿಂಪಡಿಸುವ ಔಷಧಿಯನ್ನು ಪಶುವೈದ್ಯರು ಹೇಳಿದ ಅಂತರದಲ್ಲಿ ತಪ್ಪದೆ ಕೊಟ್ಟರೆ ಹತೋಟಿಗೆ ಬರುತ್ತದೆ. ಹಯಾಲೊಮ್ಮ ಅನಟೋಲಿಕಂ ನಡುನಡುವೆ ದನ ಬಿಟ್ಟಿಳಿದು ಕೊಟ್ಟಿಗೆಯ ಗೋಡೆ ಬಿರುಕಿನಲ್ಲಿ ಅಡಗುತ್ತದೆ. ಬಿರುಕು ಮುಚ್ಚದೆ ದನಕ್ಕಷ್ಟೇ ಸಿಂಪಡಿಸಿದರೆ ಔಷಧಿಯೂ ದುಡ್ಡೂ ವ್ಯರ್ಥ. ಮಿಶ್ರತಳಿ ಹಸುಗಳಿಗೆ ಮಾರಕವಾದ ಥೈಲೀರಿಯ ಜ್ವರ ತರುವುದೂ ಇದೇ. ಬೂಫಿಲಸ್ ಹರಡುವುದು ಬೆಬೀಸಿಯ, ಅಂದರೆ ಕೆಂಪು ಮೂತ್ರದ ರೋಗ.

ಮಾದರಿ ತೆಗೆಯುವಾಗ ಕೈಗವಸು ಹಾಕಿ, ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಮೂತಿಯನ್ನೇ ಹಿಡಿದು ನೇರವಾಗಿ ಎಳೆಯಬೇಕು. ಹೊಟ್ಟೆ ಹಿಡಿದು ಕಿತ್ತರೆ ಮೂತಿ ಚರ್ಮದಲ್ಲೇ ಉಳಿದು, ಗುರುತಿಸಲು ಬೇಕಾದದ್ದೇ ಹೋಗುತ್ತದೆ. ಉಣ್ಣೆಯನ್ನು ಬೆರಳಲ್ಲಿ ಹಿಸುಕಲೇಬಾರದು, ರೋಗಾಣು ಕೈಗೆ ಹತ್ತುವ ಅಪಾಯವಿದೆ. ಗಂಡು, ಹೆಣ್ಣು ಎರಡನ್ನೂ ಶೇ. 70ರ ಆಲ್ಕೋಹಾಲಿನಲ್ಲಿ ಹಾಕಿ, ಊರು, ದಿನಾಂಕ, ಯಾವ ಪ್ರಾಣಿ, ಮೈಯ ಯಾವ ಭಾಗ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಸೀಸೆಯೊಳಗೇ ಇಟ್ಟು ಹತ್ತಿರದ ಪಶು ಆಸ್ಪತ್ರೆಗೆ ತಲುಪಿಸಬೇಕು. ಶಾಯಿಯ ಬರಹ ಆಲ್ಕೋಹಾಲಿನಲ್ಲಿ ಅಳಿಸಿಹೋಗುತ್ತದೆ.